ಮೇಲಿನ ಕಟ್ಟ ನಿಲ್ಲುತ್ತದೆ, ನಮ್ಮದು ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದು ಮೂರು ಎಕರೆ ಅಡಿಕೆ ತೋಟ. ಬದಿಯಲ್ಲೇ ತೋಡು (ಸಣ್ಣ ಹೊಳೆ). ಅಜ್ಜನ ಕಾಲದಲ್ಲಿ ಇದಕ್ಕೆ ವರ್ಷವೂ ಕಟ್ಟ, ಅಂದರೆ ಬೇಸಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕುತ್ತಿದ್ದರು. ಭತ್ತದ ಎರಡನೆಯ, ಮೂರನೆಯ ಬೆಳೆಗಳಾದ ಸುಗ್ಗಿ, ಕೊಳಕೆ ಎರಡೂ ಬೆಳೆಯುತ್ತಿದ್ದವು. ಎಂಬತ್ತರ ದಶಕಕ್ಕೆ ಅದು ನಿಂತುಹೋಯಿತು. ಎಂಟು ವರ್ಷದ ಹಿಂದೆ ಪಂಚಾಯತ್ ಅದೇ ಜಾಗದಲ್ಲಿ ಐದು ಕಿಂಡಿಯ ಕಾಂಕ್ರೀಟ್ ಅಣೆಕಟ್ಟು ಕಟ್ಟಿಸಿತು. ಎರಡು ವರ್ಷ ಕಿಂಡಿಗಳಿಗೆ ಹಲಗೆ ಇಟ್ಟು ನೀರು ನಿಲ್ಲಿಸಿದರು, ಆಮೇಲೆ ಕೇಳುವವರಿಲ್ಲ. ಈಗ ಅರ್ಧಕ್ಕರ್ಧ ಹಲಗೆಯೇ ಇಲ್ಲ. ಫೆಬ್ರವರಿಗೆ ತೋಡು ಒಣಗುತ್ತದೆ. ಒಂದು ಕಿಲೋಮೀಟರ್ ಮೇಲೆ ಏಳು ಮನೆಯವರು ಕಲ್ಲು-ಮಣ್ಣಿನ ಕಟ್ಟವನ್ನೇ ಇವತ್ತಿಗೂ ವರ್ಷ ತಪ್ಪದೆ ಹಾಕುತ್ತಾರೆ. ಅವರೂ ನಮ್ಮಂಥವರೇ, ಕೆಲವರು ನಮ್ಮ ನೆಂಟರೇ. ನಮ್ಮಲ್ಲಿ ಹದಿನಾಲ್ಕು ಮನೆ. ಮಾತಿಗೆ ಕೂತರೆ ಒಬ್ಬರು “ಜನ ಸ್ವಾರ್ಥಿಗಳಾದರು” ಅನ್ನುತ್ತಾರೆ, ಇನ್ನೊಬ್ಬರು “ಪಂಚಾಯತ್‌ನವರೇ ಮಾಡಲಿ” ಅನ್ನುತ್ತಾರೆ, ಮತ್ತೊಬ್ಬರು “ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಕಡೆ ಹುಟ್ಟಿದ್ದರೆ ಈ ಗತಿ ಇರಲಿಲ್ಲ” ಅನ್ನುತ್ತಾರೆ. ಅರ್ಥಶಾಸ್ತ್ರ ಎಂ.ಎ. ಓದುವ ಮಗಳು ಮಾತ್ರ “ಅಪ್ಪಾ, ಜನ ಕೆಟ್ಟದ್ದಲ್ಲ, ಸಂಸ್ಥೆ ಕೆಟ್ಟದ್ದು. ಅದನ್ನು ತೋರಿಸಿದವರಿಗೇ ನೊಬೆಲ್ ಸಿಕ್ಕಿದೆ” ಅನ್ನುತ್ತಾಳೆ. ನಮ್ಮಲ್ಲಿ ಸಂಸ್ಥೆ ಅಂತ ಇದ್ದದ್ದೇ ಇಲ್ಲ, ಕೆಡುವುದು ಏನು? ಸುಮ್ಮನೆ ಬೋರ್‌ವೆಲ್ ಕೊರೆಸುವುದೇ ಒಳ್ಳೆಯದೋ?

ಉತ್ತರ: ಮಗಳು ಹೇಳಿದ್ದು ಸರಿ. ಗೊಂದಲ ಹುಟ್ಟಿಸಿದ್ದು ‘ಸಂಸ್ಥೆ’ ಎಂಬ ಶಬ್ದ. ಆ ಶಬ್ದ ಕೇಳಿದ ಕೂಡಲೇ ನಮಗೆ ಬೋರ್ಡು, ಕಾರ್ಯದರ್ಶಿ, ರಬ್ಬರ್ ಸ್ಟ್ಯಾಂಪು ಕಣ್ಣೆದುರು ಬರುತ್ತವೆ. 1993ರಲ್ಲಿ ನೊಬೆಲ್ ಪಡೆದ ಡಗ್ಲಾಸ್ ನಾರ್ತ್ ಸಂಸ್ಥೆ ಎಂದು ಕರೆದದ್ದು ಆಟದ ನಿಯಮಗಳನ್ನು. ಆಡುವ ತಂಡಕ್ಕೆ ಅವರು ಇಟ್ಟ ಹೆಸರೇ ಬೇರೆ. ನಮ್ಮ ಊರಿನಲ್ಲಿ ಇದಕ್ಕೆ ಹಳೆಯ ಮಾತಿದೆ: ಕಟ್ಟುಕಟ್ಟಲೆ. ಯಾವ ದಿನ ಕಟ್ಟಕ್ಕೆ ಕೂಡುವುದು, ಯಾವ ಮನೆಯಿಂದ ಎಷ್ಟು ಆಳು, ಮೊದಲ ನೀರು ಯಾರ ಗದ್ದೆಗೆ, ಬಾರದವನನ್ನು ಕೇಳುವವರು ಯಾರು – ಅಜ್ಜನ ಕಾಲದಲ್ಲಿ ಈ ನಾಲ್ಕಕ್ಕೂ ಉತ್ತರ ಇತ್ತು. ಬರೆದಿಡದಿದ್ದರೂ ಎಲ್ಲರಿಗೂ ಗೊತ್ತಿತ್ತು. ಅದೇ ಸಂಸ್ಥೆ. ನಿಮ್ಮಲ್ಲಿ ಕೆಟ್ಟದ್ದೂ ಅದೇ.

ಮಗಳು ಹೇಳಿದ ನೊಬೆಲ್ ಬಹುಶಃ 2024ರದ್ದು. ದೇಶ ದೇಶಗಳ ನಡುವಿನ ಸಿರಿತನ-ಬಡತನದ ಅಂತರಕ್ಕೆ ಸಂಸ್ಥೆಗಳು ಹೇಗೆ ಕಾರಣ ಎಂಬ ಅಧ್ಯಯನಕ್ಕಾಗಿ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಮೂವರಿಗೆ ಅದು ಬಂತು. ನಿಮ್ಮ ತೋಡಿಗೆ ಹತ್ತಿರದವರು ಮಾತ್ರ 2009ರಲ್ಲಿ ಅದೇ ಪ್ರಶಸ್ತಿ ಪಡೆದ ಎಲಿನಾರ್ ಆಸ್ಟ್ರಮ್. ಅರ್ಥಶಾಸ್ತ್ರದಲ್ಲಿ ಆ ಗೌರವ ಪಡೆದ ಮೊದಲ ಹೆಂಗಸು. ನೀರು, ಕಾಡು, ಹುಲ್ಲುಗಾವಲು, ಮೀನು – ಹತ್ತು ಜನ ಸೇರಿ ಬಳಸುವ ಸೊತ್ತನ್ನು ಕೆಲವು ಊರುಗಳು ನೂರಾರು ವರ್ಷ ಉಳಿಸಿಕೊಳ್ಳುತ್ತವೆ, ಕೆಲವು ಹತ್ತೇ ವರ್ಷದಲ್ಲಿ ಹಾಳುಮಾಡುತ್ತವೆ. ಯಾಕೆ ಎಂಬುದೇ ಅವರ ಜೀವಮಾನದ ಕೆಲಸ. ನೀವು ಕೇಳಿದ್ದೂ ಅದನ್ನೇ.

“ಜನ ಸ್ವಾರ್ಥಿಗಳಾದರು” ಎಂಬ ಮಾತನ್ನು ಬೇಗ ಮುಗಿಸಬಹುದು. ಇದೇ ಹದಿನಾಲ್ಕು ಮನೆಯವರು ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಎಷ್ಟು ವಂತಿಗೆ ಕೊಟ್ಟರು, ಎಷ್ಟು ದಿನ ಕರಸೇವೆ ಮಾಡಿದರು ನೆನಪಿಸಿಕೊಳ್ಳಿ. ಅಲ್ಲಿ ತೇದಿ ಮೊದಲೇ ಗೊತ್ತು. ಯಾರ ವಂತಿಗೆ ಎಷ್ಟೆಂದು ಫಲಕದಲ್ಲಿ ಬರೆಯುತ್ತಾರೆ. ಮುಗಿದ ಮೇಲೆ ಲೆಕ್ಕ ಓದುತ್ತಾರೆ. ಬಾರದಿದ್ದವರ ಬಗ್ಗೆ ನಾಲ್ಕು ಜನ ಕೇಳುತ್ತಾರೆ. ಅದೇ ಜನ ಕಟ್ಟದ ಹತ್ತಿರ ಬಂದಾಗ ಬೇರೆಯಾಗಿ ನಡೆದುಕೊಳ್ಳುವುದು ಅಲ್ಲಿ ಇವು ಯಾವುವೂ ಇಲ್ಲದ್ದರಿಂದ. ಸ್ವಭಾವವನ್ನು ದೂರಿದರೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ನಿಯಮವನ್ನಾದರೆ ತಿದ್ದಬಹುದು.

ಹಳೆಯ ಕಟ್ಟುಕಟ್ಟಲೆ ಹೇಗೆ ಕಳಚಿತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು, ಯಾಕೆಂದರೆ ಹಳೆಯದನ್ನೇ ವಾಪಸು ತರೋಣ ಎನ್ನುವವರೂ ಇದ್ದಾರೆ. ಕಟ್ಟ ನಡೆಯುತ್ತಿದ್ದದ್ದು ಬಹಳ ಕಡೆ ಧಣಿಯ ಮಾತಿನ ಮೇಲೆ. ಒಕ್ಕಲುಗಳು ಚಾಲಗೇಣಿಯವರು (ಧಣಿ ಬೇಡವೆಂದರೆ ಗದ್ದೆ ಬಿಡಬೇಕಾದ ಗೇಣಿದಾರರು), ಬಾ ಅಂದರೆ ಬರಲೇಬೇಕು, ಬಾರದಿದ್ದರೆ ಗದ್ದೆ ಕೈಬಿಟ್ಟು ಹೋಗುವ ಭಯ. ಕೇರಳದಲ್ಲಿ ಭೂಸುಧಾರಣೆಯ 1969ರ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಯಾಗಿ ಗೇಣಿ ಪದ್ಧತಿ ಹೋಯಿತು, ಒಕ್ಕಲು ಒಡೆಯನಾದ. ನ್ಯಾಯವಾಗಿ ಆಗಬೇಕಾದ್ದೇ ಆಯಿತು. ಆದರೆ ಧಣಿಯ ಜೊತೆಗೆ ‘ಬಾರದವನನ್ನು ಕೇಳುವವರು’ ಎಂಬ ಜಾಗವೂ ಖಾಲಿಯಾಯಿತು. ಆ ಜಾಗವನ್ನು ತುಂಬುವ ಕೆಲಸ ಯಾವ ಕಾನೂನಿನಲ್ಲೂ ಇರಲಿಲ್ಲ.

ಎರಡನೆಯ ಪೆಟ್ಟು ಬೆಳೆ ಬದಲಾದದ್ದು. ಭತ್ತಕ್ಕೆ ನೀರು ಹರಿದೇ ಬರಬೇಕು. ನನ್ನ ಗದ್ದೆಗೆ ನಿಮ್ಮ ಗದ್ದೆ ದಾಟಿಕೊಂಡೇ ಬರಬೇಕು. ಹಾಗಾಗಿ ಜಗಳವಾಡಿದರೂ ಒಟ್ಟಿಗೆ ಇರಲೇಬೇಕಿತ್ತು. ಗದ್ದೆ ತೋಟವಾದ ಮೇಲೆ, ಪಂಪು ಬಂದ ಮೇಲೆ, ಪ್ರತಿಯೊಬ್ಬನಿಗೂ ಅವನವನ ಬಾವಿ, ಅವನವನ ಪೈಪು. ಕೃಷಿ ಪಂಪಿನ ಕರೆಂಟಿಗೆ ಸರಕಾರ ಕೈಹಿಡಿದ ಮೇಲೆ ನೀರೆತ್ತುವ ಖರ್ಚೂ ಕಾಣದಾಯಿತು. ನೆರೆಯವನ ಹಂಗು ತಪ್ಪಿತು, ಕಟ್ಟದ ಹಂಗೂ ತಪ್ಪಿತು ಎಂದು ಎಲ್ಲರೂ ಅಂದುಕೊಂಡರು. ಮೊದಲನೆಯದು ನಿಜ, ಎರಡನೆಯದು ಸುಳ್ಳು.

ಸುಳ್ಳು ಯಾಕೆ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. ತೋಡು 10 ಮೀಟರ್ ಅಗಲ, ಹಲಗೆ 2 ಮೀಟರ್ ಎತ್ತರ, ನೀರು ಹಿಂದಕ್ಕೆ 400 ಮೀಟರ್ ನಿಲ್ಲುತ್ತದೆ ಅಂತ ಇಟ್ಟುಕೊಳ್ಳಿ. ಹಿಂದೆ ಹೋದಂತೆ ಆಳ ಕಡಿಮೆಯಾಗುವುದರಿಂದ ಅರ್ಧ ಹಿಡಿದರೆ 4,000 ಘನ ಮೀಟರ್, ಅಂದರೆ 40 ಲಕ್ಷ ಲೀಟರ್. ಕೇಳಲು ದೊಡ್ಡದು. ಹದಿನಾಲ್ಕು ಮನೆಗೆ ಒಟ್ಟು 23 ಎಕರೆ ತೋಟ, ಎಕರೆಗೆ 550 ಮರ, ಮರಕ್ಕೆ ಒಂದು ಸಲಕ್ಕೆ 175 ಲೀಟರ್ ಹಿಡಿದರೆ ಒಂದು ಸುತ್ತಿಗೆ 22 ಲಕ್ಷ ಲೀಟರ್ ಬೇಕು. ಬೇಸಗೆಯಲ್ಲಿ ಇಂಥ ಸುತ್ತು ಮೂರರಿಂದ ಐದು ದಿನಕ್ಕೊಮ್ಮೆ. ಕಟ್ಟದಲ್ಲಿ ಕಣ್ಣಿಗೆ ಕಾಣುವ ನೀರು ಎರಡು ಸುತ್ತಿಗೂ ಸಾಲದು! ಡ್ರಿಪ್ ಮಾಡಿ ಮರಕ್ಕೆ ದಿನಕ್ಕೆ 18 ಲೀಟರಿಗೆ ಇಳಿಸಿದರೂ ಹದಿನೇಳು ದಿನಕ್ಕೆ ಮುಗಿಯಿತು.

ಹಾಗಾದರೆ ಕಟ್ಟದ ಪ್ರಯೋಜನ ಎಲ್ಲಿ? ಬದಿಯ ಮಣ್ಣಿನಲ್ಲಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲ ಮಳೆಗಾಲದಲ್ಲಿ ಸುರಿದ ಮೂರು ಮೀಟರಿಗೂ ಮಿಕ್ಕಿದ ಮಳೆಯನ್ನು ಕುಡಿದು, ಡಿಸೆಂಬರಿನಿಂದ ತೋಡಿಗೆ ಬಿಟ್ಟುಕೊಡುತ್ತಾ ಹೋಗುತ್ತದೆ. ತೋಡಿನಲ್ಲಿ ನೀರಿನ ಮಟ್ಟ ಎರಡು ಮೀಟರ್ ಏರಿ ನಿಂತರೆ ಆ ಬಿಟ್ಟುಕೊಡುವಿಕೆ ನಿಧಾನವಾಗುತ್ತದೆ, ಬಾವಿಗಳ ಮಟ್ಟ ತಿಂಗಳುಗಟ್ಟಲೆ ಹಿಡಿದುಕೊಳ್ಳುತ್ತದೆ. ಕಟ್ಟವನ್ನು ಟ್ಯಾಂಕಿ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದರ ಕೆಲಸ ಬಾಗಿಲಿನದು.

ಪೇಚು ಇರುವುದೂ ಇಲ್ಲಿಯೇ. ಮಣ್ಣಿನೊಳಗೆ ಹೋದ ನೀರು ವಂತಿಗೆ ಕೊಟ್ಟವನ ಬಾವಿ ಯಾವುದು, ಕೊಡದವನ ಬಾವಿ ಯಾವುದು ಅಂತ ಕೇಳುವುದಿಲ್ಲ. ಕಾನೂನೂ ಹಾಗೆಯೇ ಇದೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ 218ನೇ ಕಲಮಿನ ಪ್ರಕಾರ ಊರ ತೋಡು ಗ್ರಾಮ ಪಂಚಾಯತ್‌ನದ್ದು. ಆದರೆ 1882ರ ಈಸ್ಮೆಂಟ್ ಕಾಯಿದೆಯ ಕಾಲದಿಂದಲೂ ನಿಮ್ಮ ಜಾಗದ ಅಡಿಯ ನೀರನ್ನು ಎತ್ತುವ ಹಕ್ಕು ನಿಮ್ಮದು. ತೋಡಿನಲ್ಲಿ ಇದ್ದಾಗ ಊರಿನದು, ಐದು ಮೀಟರ್ ಆಚೆ ಬಾವಿಗೆ ಒಸರಿದಾಗ ಸ್ವಂತದ್ದು – ನೀರು ಮಾತ್ರ ಒಂದೇ. ಕೊಡದಿದ್ದರೂ ಸಿಗುತ್ತದೆ ಅಂತಾದರೆ ಹದಿನಾಲ್ಕರಲ್ಲಿ ಇಬ್ಬರು ಹಿಂದೆ ಸರಿಯುತ್ತಾರೆ. ಅದನ್ನು ಕಂಡು ಮರುವರ್ಷ ಐದು ಮಂದಿ. ಆ ಐದು ಮಂದಿ ಕೆಟ್ಟವರಲ್ಲ. ತಾವು ಮಾತ್ರ ಪೆದ್ದರಾಗಬಾರದು ಅಂತ ನೋಡಿಕೊಂಡವರು.

ಈಗ ಕಾಂಕ್ರೀಟಿಗೆ ಬರೋಣ. ನೇಪಾಳದ ನೀರಾವರಿ ವ್ಯವಸ್ಥೆಗಳನ್ನು ಆಸ್ಟ್ರಮ್ ಮತ್ತು ಸಂಗಡಿಗರು ಹೋಲಿಸಿ ನೋಡಿದಾಗ ಒಂದು ವಿಚಿತ್ರ ಸಂಗತಿ ಕಂಡಿತು. ರೈತರೇ ಕಲ್ಲು-ಮಣ್ಣು-ಸೊಪ್ಪಿನಿಂದ ಕಟ್ಟಿಕೊಂಡು ನಡೆಸುತ್ತಿದ್ದ ಕಾಲುವೆಗಳಲ್ಲಿ, ಸರಕಾರ ಕಾಂಕ್ರೀಟ್ ಹಾಕಿ ನಡೆಸುತ್ತಿದ್ದ ಕಾಲುವೆಗಳಿಗಿಂತ, ಕೊನೆಯ ಗದ್ದೆಯವರಿಗೆ ನೀರು ಚೆನ್ನಾಗಿ ಸಿಗುತ್ತಿತ್ತು. ಕಾರಣ ಹೀಗೆ: ವರ್ಷವೂ ಕಿತ್ತುಹೋಗುವ ಕಟ್ಟವನ್ನು ಮತ್ತೆ ಹಾಕಲು ಮೇಲಿನವನಿಗೆ ಕೆಳಗಿನವನ ಆಳು ಬೇಕು. ಆಳು ಬೇಕಾದರೆ ನೀರು ಬಿಡಬೇಕು. ಕಾಂಕ್ರೀಟ್ ಬಂದ ದಿನ ಮೇಲಿನವನಿಗೆ ಕೆಳಗಿನವನ ಹಂಗು ಹೋಯಿತು. ಫಿಲಿಪ್ಪೀನ್ಸಿನ ಇಲೋಕೋಸ್ ಕಡೆಯ ನೀರಿನ ಕೂಟಗಳಲ್ಲಿ ಪ್ರವಾಹಕ್ಕೆ ವರ್ಷಕ್ಕೆ ಮೂರು-ನಾಲ್ಕು ಸಲ ಕಟ್ಟ ಕೊಚ್ಚಿಹೋಗುವುದೂ ಇದೆ. ಪ್ರತಿ ಸಲವೂ ಕಟ್ಟುತ್ತಾರೆ. ಅಲ್ಲಿ ಪ್ರತಿ ಸದಸ್ಯನಿಗೂ ಮೇಲೆ, ನಡುವೆ, ಕೆಳಗೆ ಎಂದು ತುಂಡು ತುಂಡು ಗದ್ದೆ ಹಂಚಿರುವುದರಿಂದ ಕೊನೆಯವರಿಗೆ ನೀರು ಸಿಗದಿದ್ದರೆ ನಷ್ಟ ಎಲ್ಲರಿಗೂ ತಟ್ಟುತ್ತದೆ.

ಇದರಿಂದ ಕಾಂಕ್ರೀಟ್ ತಪ್ಪು ಅಂತಾಗುವುದಿಲ್ಲ. ಮಣ್ಣು, ಆಳು ಎರಡೂ ದುಬಾರಿಯಾದ ಈ ಕಾಲದಲ್ಲಿ ಕಿಂಡಿ ಅಣೆಕಟ್ಟು ದೊಡ್ಡ ಅನುಕೂಲ. ಆದರೆ ಅದು ಕೆಲಸವನ್ನು ಕಡಿಮೆ ಮಾಡಿತೇ ಹೊರತು ಮುಗಿಸಲಿಲ್ಲ. ಉಳಿದ ಕೆಲಸ ಯಾರದ್ದು ಎಂದು ಯಾರೂ ಹೇಳಲಿಲ್ಲ. ಅಂದಾಜು ಪಟ್ಟಿಯಲ್ಲಿ ಸಿಮೆಂಟಿಗೆ ಸಾಲಿದೆ, ಕಂಬಿಗೆ ಸಾಲಿದೆ, ಮೊದಲ ಸಲದ ಹಲಗೆಗೂ ಇದೆ. ಮೂರನೆಯ ವರ್ಷ ಹಲಗೆ ಇಡುವವನಿಗೆ ಸಾಲಿಲ್ಲ. ಶಾಸಕರ, ಸಂಸದರ ನಿಧಿ ಇರುವುದು ಬಾಳಿಕೆ ಬರುವ ಆಸ್ತಿಗೆ. ವರ್ಷ ವರ್ಷದ ಖರ್ಚಿಗೆ ಅದರಿಂದ ಹಣ ಬರುವುದಿಲ್ಲ. ಉದ್ಘಾಟನೆಯ ಕಲ್ಲನ್ನು ಅಣೆಕಟ್ಟಿಗೆ ಹಾಕಬಹುದು, ಹಲಗೆ ಇಟ್ಟದ್ದಕ್ಕೆ ಹಾಕುವಂತಿಲ್ಲ.

ಇನ್ನೊಂದು, ಕಡತದ ಕ್ಯಾಲೆಂಡರಿಗೂ ನೀರಿನ ಕ್ಯಾಲೆಂಡರಿಗೂ ಹೊಂದಾಣಿಕೆ ಇಲ್ಲ. ಪಂಚಾಯತ್‌ನ ವರ್ಷ ಏಪ್ರಿಲ್‌ನಿಂದ ಮಾರ್ಚ್. ಯೋಜನೆ, ಮಂಜೂರಾತಿ, ಟೆಂಡರ್ ಮುಗಿದು ಕೆಲಸ ಕಾಣುವುದು ಬಹಳ ಸಲ ಜನವರಿಯ ಮೇಲೆ. ಹಲಗೆ ಇಡಬೇಕಾದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲು. ಅದರ ಮೇಲೆ ಕೇರಳದ ಸ್ಥಳೀಯ ಚುನಾವಣೆ ಬರುವುದೂ ಅದೇ ಹೊತ್ತಿಗೆ: 2015ರಲ್ಲಿ ನವೆಂಬರ್, 2020 ಮತ್ತು 2025ರಲ್ಲಿ ಡಿಸೆಂಬರ್. ಐದು ವರ್ಷಕ್ಕೊಮ್ಮೆ, ಹಲಗೆ ಇಡಬೇಕಾದ ವಾರವೇ ನೀತಿಸಂಹಿತೆ. ಯಾವ ಅಧಿಕಾರಿಯೂ ಇಲ್ಲಿ ಸೋಮಾರಿಯಾಗಬೇಕೆಂದಿಲ್ಲ, ನಿಯಮಗಳು ಹೆಣೆದುಕೊಂಡಿರುವ ರೀತಿಯೇ ಸಾಕು.

ಗಡಿಯ ಮಾತಿಗೂ ಉತ್ತರ ಇದರಲ್ಲೇ ಇದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ತೆಗೆದು ಕೇರಳಕ್ಕೆ ಕೊಟ್ಟದ್ದು, ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಆಗದೇ ಹೋದದ್ದು – ಈ ನೋವು ಬೇರೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಟ್ಟದ ಮಟ್ಟಿಗೆ ಗೆರೆಯ ಎರಡೂ ಬದಿಯಲ್ಲಿ ಆದದ್ದು ಒಂದೇ. ಆಚೆ ಒಕ್ಕಲು ಒಡೆಯನಾದದ್ದು 1974ರ ಮಾರ್ಚ್ 1ರಿಂದ; ಅಲ್ಲಿಯೂ ಧಣಿಯ ಜಾಗ ಖಾಲಿಯಾಯಿತು, ಅಲ್ಲಿಯೂ ಗದ್ದೆ ತೋಟವಾಯಿತು, ಪಂಪು ಬಂತು. ಈಗ ಪಶ್ಚಿಮ ವಾಹಿನಿ ಯೋಜನೆಯಲ್ಲಿ ಕಿಂಡಿ ಅಣೆಕಟ್ಟುಗಳಾಗಿವೆ, ಹಲಗೆ ಯಾರು ಇಡುವುದು ಎಂಬ ಪ್ರಶ್ನೆ ಅಲ್ಲಿಯೂ ಇದ್ದೇ ಇದೆ. ನಿಜವಾದ ವ್ಯತ್ಯಾಸ ಒಂದಿದೆ, ಅದು ನಿಮ್ಮ ಪರವಾಗಿದೆ. ಕರ್ನಾಟಕದ ಗ್ರಾಮ ಪಂಚಾಯತ್ ಐದರಿಂದ ಏಳು ಸಾವಿರ ಜನರ ಲೆಕ್ಕದಲ್ಲಿ ಮಾಡಿದ್ದು, ಕೈಯಲ್ಲಿ ಹಣ ಕಡಿಮೆ. ಕೇರಳದಲ್ಲಿ ಪಂಚಾಯತ್ ದೊಡ್ಡದು. 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ 35-40 ಶೇಕಡ ಸ್ಥಳೀಯ ಆಡಳಿತಕ್ಕೆ ಹೋಗಬೇಕೆಂದು ತೀರ್ಮಾನವಾಯಿತು. ಯೋಜನಾ ಹಣದ ಹೊರತಾಗಿ ದುರಸ್ತಿಗೆಂದೇ ಮೈಂಟೆನೆನ್ಸ್ ಫಂಡ್ ಇದೆ, ಅದರಲ್ಲಿ ರಸ್ತೆಯೇತರ ಭಾಗ ಬೇರೆಯೇ ಇದೆ. ಆ ಭಾಗದ ಕುರಿತು ಗ್ರಾಮಸಭೆಯಲ್ಲಿ ಕೇಳುವವರು ಬಹಳ ಕಡಿಮೆ.

ಮೇಲಿನ ಏಳು ಮನೆಯವರ ಗುಟ್ಟನ್ನು ಇಲ್ಲಿಂದ ಹೇಳಲಾಗದು, ನೀವೇ ಹೋಗಿ ಕೇಳಬೇಕು. “ನಿಮ್ಮಲ್ಲಿ ಒಗ್ಗಟ್ಟು ಹೇಗೆ?” ಅಂತ ಕೇಳಬೇಡಿ, “ದೇವರ ದಯೆ” ಅಂತ ಉತ್ತರ ಬರುತ್ತದೆ. ಕಳೆದ ವರ್ಷ ಯಾವ ದಿನ ಹಾಕಿದಿರಿ, ದಿನ ಗೊತ್ತುಮಾಡಿದವರು ಯಾರು, ಆಳು ಕಳಿಸಲಾಗದ ಮನೆ ಏನು ಕೊಟ್ಟಿತು, ಯಾರಾದರೂ ತಪ್ಪಿಸಿದ್ದಾರಾ, ತಪ್ಪಿಸಿದಾಗ ಏನಾಯಿತು – ಇದನ್ನು ಕೇಳಿ. ನಡೆಯುವ ಕಟ್ಟಗಳಲ್ಲಿ ಸಾಮಾನ್ಯವಾಗಿ ದಿನ ನಿಶ್ಚಿತ, ಉದಾಹರಣೆಗೆ ಷಷ್ಠಿ ಕಳೆದ ಮೊದಲ ಆದಿತ್ಯವಾರ. ಫೋನ್ ಮಾಡಿ ಕೇಳಿ ನಿಶ್ಚಯಿಸುವ ದಿನ ಎಂದಿಗೂ ಬರುವುದಿಲ್ಲ. ಏಳು ಮನೆ ಎಂಬುದೂ ಅವರ ಪುಣ್ಯ: ಒಬ್ಬ ಬಾರದಿದ್ದರೆ ಅವತ್ತೇ ಕಾಣುತ್ತದೆ. ಹದಿನಾಲ್ಕಕ್ಕೆ ಅದು ತಾನಾಗಿ ಕಾಣುವುದಿಲ್ಲ, ಕಾಣಿಸಬೇಕಾಗುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಬೋರ್‌ವೆಲ್: ಒಬ್ಬನೇ ನಿಶ್ಚಯಿಸಬಹುದು, ಅದೇ ಅದರ ಆಕರ್ಷಣೆ. ಲಕ್ಷಕ್ಕೆ ಮೇಲೆ ಖರ್ಚು, ನೀರು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ, ಸಿಕ್ಕಿದರೆ ನೆರೆಯವನೂ ಕೊರೆಸುತ್ತಾನೆ; ನಿಮಗಿಂತ ನೂರು ಅಡಿ ಆಳ. ಅಡಿಯ ಗಟ್ಟಿ ಕಲ್ಲಿನ ಬಿರುಕಿನಲ್ಲಿರುವ ನೀರು ತುಂಬುವುದೂ ಮೇಲಿನ ಮಣ್ಣಿನಿಂದಲೇ, ಅಂದರೆ ಕಟ್ಟವಿಲ್ಲದ ತೋಡಿನ ಬದಿಯ ಬೋರ್ ಕೂಡ ವರ್ಷ ಕಳೆದಂತೆ ಸೊರಗುತ್ತದೆ. ಕೊರೆಸಲೇಬೇಕೆಂದಿದ್ದರೆ ಕಟ್ಟ ಎರಡು ವರ್ಷ ನಡೆಸಿ, ಬಾವಿ ಹೇಗಿದೆ ನೋಡಿ, ಆಮೇಲೆ ಕೊರೆಸಿ.

ಪೂರ್ತಿ ಪಂಚಾಯತ್‌ಗೆ ಬಿಡುವುದು: ತೊಂದರೆ ಮೇಲೆಯೇ ಹೇಳಿದೆ. ತಡವಾಗಿ ಇಟ್ಟ ಹಲಗೆಗೆ ಅರ್ಥವಿಲ್ಲ. 10 ಲೀಟರ್ ಪ್ರತಿ ಸೆಕೆಂಡಿಗೆ ಹರಿಯುವ ತೋಡು ಈ 40 ಲಕ್ಷ ಲೀಟರ್ ತುಂಬಲು ಸುಮಾರು ನಾಲ್ಕೂವರೆ ದಿನ ಸಾಕು. ಹರಿವು 1 ಲೀಟರಿಗೆ ಇಳಿದ ಮೇಲೆ ಇಟ್ಟರೆ ಒಂದೂವರೆ ತಿಂಗಳು, ಅಷ್ಟರಲ್ಲಿ ಇಂಗುವುದೇ ಹೆಚ್ಚು.

ನೋಂದಣಿ ಮಾಡಿದ ಸಂಘ: ಕಾಸರಗೋಡು ಹಿಂದೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿ 1860ರ ಸೊಸೈಟಿ ಕಾಯಿದೆಯಡಿ ನೋಂದಣಿ, ಕಡಿಮೆ ಎಂದರೆ ಏಳು ಸದಸ್ಯರು. ಬ್ಯಾಂಕ್ ಖಾತೆ, ಪಂಚಾಯತ್ ಜೊತೆ ಕರಾರು, ಅನುದಾನ – ಎಲ್ಲದಕ್ಕೂ ಅನುಕೂಲ. ಅಪಾಯ ಎಂದರೆ ಸಂಘ ಅನುದಾನಕ್ಕಾಗಿಯೇ ಹುಟ್ಟುವುದು, ಅಧ್ಯಕ್ಷರು ಯಾವ ಪಕ್ಷ ಎಂಬ ಲೆಕ್ಕ ಮೊದಲಾಗುವುದು, ವರ್ಷ ವರ್ಷದ ಪಟ್ಟಿ ಸಲ್ಲಿಸುವುದನ್ನು ಮರೆಯುವುದು.

ಬರೇ ಕೂಟ: ಒಂದು ಪುಸ್ತಕ, ಇಬ್ಬರ ಹೆಸರಿನ ಜಂಟಿ ಖಾತೆ, ಒಂದು ಪುಟದ ಒಪ್ಪಂದ. ಬೇಗ ಆಗುತ್ತದೆ. ಮುಂದೆ ನಿಂತ ಒಬ್ಬರು ಕೈಬಿಟ್ಟರೆ ಮುಳುಗುತ್ತದೆ, ಸರಕಾರಿ ಹಣ ಬರುವುದಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ: ಎರಡು ವರ್ಷ ಕೂಟ, ಅದು ನಡೆದರೆ ಮಾತ್ರ ಸಂಘ. ನಡೆಯದ ಕೂಟವನ್ನು ನೋಂದಣಿ ಮಾಡಿದರೆ ನಡೆಯದ ಸಂಘವಾಗುತ್ತದೆ. ಆದರೆ ತೋಡು ಪಂಚಾಯತ್‌ನದ್ದಾದ್ದರಿಂದ ಹಲಗೆ ಇಡಲು-ತೆಗೆಯಲು ನಿಮ್ಮ ಕೂಟಕ್ಕೆ ಅನುಮತಿ ಎಂದು ಒಂದು ಪತ್ರ ಮೊದಲ ವರ್ಷವೇ ಪಡೆಯಿರಿ. ಕಳೆದುಹೋದ ಹಲಗೆಯ ಬದಲಿಗೆ ಹೊಸದನ್ನು ಮೈಂಟೆನೆನ್ಸ್ ಫಂಡಿನಿಂದ ಕೇಳಿ. ವಾರ್ಡಿನ ಗ್ರಾಮಸಭೆಯ ನಡಾವಳಿಯಲ್ಲಿ ಅದು ಬರಲಿ. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು, ಹತ್ತು ಶೇಕಡ ಮತದಾರರು ಬೇಕು. ಕೋರಂಗೇ ಪರದಾಡುವ ಸಭೆಗೆ ಹದಿನಾಲ್ಕು ಮನೆಯಿಂದ ನಲ್ವತ್ತು ಜನ ಹೋದರೆ ಮಾತಿಗೆ ತೂಕ ಬರುತ್ತದೆ. ದುರಸ್ತಿ ಕೆಲಸ ಬಂದರೆ ಗುತ್ತಿಗೆದಾರರಿಗೆ ಕೊಡದೆ ಫಲಾನುಭವಿ ಸಮಿತಿಯಿಂದ ಮಾಡಿಸಲು ಬರುತ್ತದೆಯೇ ಎಂದು ಓವರ್‌ಸಿಯರ್ ಹತ್ತಿರ ಕೇಳಿ. ಮಲಯಾಳ ಕಾಗದದಲ್ಲಿ ಅದನ್ನು ‘ಗುಣಭೋಕ್ತೃ ಸಮಿತಿ’ ಎಂದು ಬರೆದಿರುತ್ತಾರೆ. ಉದ್ಯೋಗ ಖಾತರಿಯಲ್ಲಿ ತೋಡಿನ ಹೂಳು ತೆಗೆಸಲು ಆದೀತೇ ಎಂಬುದಕ್ಕೂ ಆ ವರ್ಷದ ನಿಯಮ ಅಲ್ಲಿಯೇ ಸಿಗುತ್ತದೆ.

ವಂತಿಗೆಯ ಸೂತ್ರ ಮೊದಲೇ ಬರೆದಿಡಿ. ಎಲ್ಲರಿಗೂ ಸಮ ಅಂದರೆ ಒಂದು ಎಕರೆಯವನು ಗೊಣಗುತ್ತಾನೆ, ಎಕರೆ ಲೆಕ್ಕ ಮಾತ್ರ ಅಂದರೆ ದೊಡ್ಡ ತೋಟದವನು “ನನ್ನದೇ ಕಟ್ಟ” ಅನ್ನತೊಡಗುತ್ತಾನೆ. ಎರಡನ್ನೂ ಬೆರೆಸಿ. ಉದಾಹರಣೆಗೆ ಒಂದು ವರ್ಷದ ಖರ್ಚು 30,000 ರೂಪಾಯಿ ಎಂದಿಟ್ಟುಕೊಂಡರೆ, ಮನೆಗೆ 500 ರಂತೆ 7,000. ಉಳಿದ 23,000 ಎಕರೆಗೆ 1,000 ರಂತೆ. ನಿಮ್ಮ ಪಾಲು 3,500. ಎಕರೆಯ ಲೆಕ್ಕಕ್ಕೆ ತೀರ್ವೆ (ಭೂಕಂದಾಯ) ರಶೀದಿ ಸಾಕು, ವಾದ ಬೇಡ. ಆಳಾಗಿ ಬರುವವರಿಗೆ ಆ ದಿನದ ಊರ ಕೂಲಿಯನ್ನೇ ಕಳೆಯಿರಿ. ರೇಟು ಸಭೆಯಲ್ಲಿ ಮೊದಲೇ ಗೊತ್ತಾಗಲಿ.

“ಉಳಿದವರು ಕೊಟ್ಟರೆ ನಾನೂ ಕೊಡುತ್ತೇನೆ” ಎನ್ನುವವರೇ ಹೆಚ್ಚು. ಅವರನ್ನು ಬೈಯುವುದಕ್ಕಿಂತ ಅವರ ಮಾತನ್ನೇ ನಿಯಮ ಮಾಡಿ: ದೀಪಾವಳಿಯ ಒಳಗೆ ಜಂಟಿ ಖಾತೆಗೆ 24,000 ಸೇರದಿದ್ದರೆ ಎಲ್ಲರ ಹಣವೂ ವಾಪಸು, ಸೇರಿದರೆ ಕೆಲಸ. ಕೊಟ್ಟ ಹಣ ಮುಳುಗುವ ಭಯ ಇಲ್ಲದಿದ್ದರೆ ಮೊದಲ ಹೆಜ್ಜೆ ಸುಲಭ. ಮೂವರು ಕೊಡದಿದ್ದರೂ ಕಟ್ಟ ನಿಲ್ಲಬೇಕು. ಹದಿನಾಲ್ಕಕ್ಕೆ ಹದಿನಾಲ್ಕು ಬರಲಿ ಎಂದು ಕಾದರೆ ಕೊನೆಯವನ ಕೈಗೆ ಬೀಗದ ಕೈ ಕೊಟ್ಟಂತೆ.

ಕೊಡದವರ ಬಾವಿಗೆ ನೀರು ತಡೆಯಲಾಗದು, ಆದರೆ ಕಟ್ಟದ ನೀರಿಗೆ ನೇರ ಫುಟ್‌ವಾಲ್ವ್ ಇಳಿಸುವುದನ್ನು ನಿಯಮಕ್ಕೆ ಒಳಪಡಿಸಬಹುದು: ಸದಸ್ಯರಿಗೆ ಮಾತ್ರ, ಅದೂ ವಾರಕ್ಕೆ ಗೊತ್ತಾದ ಎರಡು ದಿನ. ಮೇಲಿನ ಲೆಕ್ಕ ನೋಡಿದಿರಲ್ಲ, ಸದಸ್ಯರೇ ಮನಸ್ಸಿಗೆ ಬಂದಂತೆ ಎತ್ತಿದರೆ ಬಾವಿಗಳಿಗೆ ಏನೂ ಉಳಿಯುವುದಿಲ್ಲ. ತಪ್ಪಿಸಿದವರಿಗೆ ಮೊದಲ ಸಲ ಮನೆಗೆ ಹೋಗಿ ಹೇಳುವುದು, ಎರಡನೆಯ ಸಲ ಫಲಕದಲ್ಲಿ ಹೆಸರಿನೆದುರು ಖಾಲಿ ಬಿಡುವುದು, ಮೂರನೆಯದಕ್ಕೆ ಪಂಪಿನ ಸರದಿ ರದ್ದು. ಆರಂಭದಲ್ಲೇ ದೊಡ್ಡ ದಂಡ ಹಾಕಿದರೆ ಅದನ್ನು ವಸೂಲು ಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ, ಆಮೇಲೆ ಸಣ್ಣ ನಿಯಮಕ್ಕೂ ಬೆಲೆ ಹೋಗುತ್ತದೆ.

ಬಾವಿಯವರನ್ನು ಒಪ್ಪಿಸಲು ಹಗ್ಗಕ್ಕಿಂತ ಒಳ್ಳೆಯ ಭಾಷಣವಿಲ್ಲ. ಅರ್ಧ ಅರ್ಧ ಮೀಟರಿಗೆ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಐದು ಬಾವಿಗಳಲ್ಲಿ – ಕಟ್ಟದ ಮೇಲೆ ಮೂರು, ಕೆಳಗೆ ಒಂದು, ದೂರದ್ದು ಒಂದು – ಡಿಸೆಂಬರಿನಿಂದ ಮೇವರೆಗೆ ಆದಿತ್ಯವಾರ ಬೆಳಗ್ಗೆ, ಪಂಪು ಹಾಕುವ ಮೊದಲು ಮಟ್ಟ ಅಳೆಯಿರಿ. ಹಾಲಿನ ಸೊಸೈಟಿಯ ಗೋಡೆಯಲ್ಲಿ ಬರೆಯಿರಿ. ಹಾಲಿನ ಸೊಸೈಟಿ ನಡೆಯುವುದೂ ಎಲ್ಲರೆದುರು ಅಳೆಯುವುದರಿಂದ. ಈ ವರ್ಷ ಹಲಗೆ ಇಡಲಾಗದಿದ್ದರೂ ಅಳತೆ ಆರಂಭಿಸಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಕೊನೆಗೆ ಹಲಗೆಯ ಕೆಲಸ. ಕೂಟಗಳು ಮುರಿಯುವುದು ಹಲವು ಸಲ ಸೋರಿಕೆಯಿಂದಲೇ. ಹಣ ಕೊಟ್ಟೂ ನೀರು ನಿಲ್ಲದಿದ್ದರೆ ಮರುವರ್ಷ ಯಾರು ಕೊಡುತ್ತಾರೆ? ಕಿಂಡಿ ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಎತ್ತರ, ಹಲಗೆ 25 ಸೆಂಟಿಮೀಟರ್ ಅಗಲ ಇದ್ದರೆ ಐದು ಕಿಂಡಿಗೆ ಎರಡು ಸಾಲಿನಂತೆ 80 ಹಲಗೆ ಬೇಕು. ಎರಡು ಸಾಲಿನ ನಡುವೆ ಒಂದು ಅಡಿ ಜಾಗವಿದ್ದರೆ ತುಂಬಲು ಸುಮಾರು 6 ಘನ ಮೀಟರ್ ಸಡಿಲ ಮಣ್ಣು, ಸಣ್ಣ ಟಿಪ್ಪರಿನಲ್ಲಿ ಎರಡು ಲೋಡು. ಹರಳು ಕಲ್ಲು, ಬೇರು, ತರಗೆಲೆ ಇರದ ಜೇಡಿಮಣ್ಣಾಗಬೇಕು. ಹುತ್ತದ ಮಣ್ಣು ಸಿಕ್ಕಿದರೆ ಉತ್ತಮ. ಒಮ್ಮೆಲೇ ಸುರಿಯಬಾರದು, ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ತುಳಿದು, ಮತ್ತೆ ಅರ್ಧ ಅಡಿ. ಇಡುವ ಮೊದಲು ತಳದ ಗಾಡಿಯಲ್ಲಿ (ಹಲಗೆ ಕೂರುವ ಸಂದಿನಲ್ಲಿ) ಕೂತ ಮರಳನ್ನು ಹಾರೆಯಿಂದ ಕೆರೆದು ತೆಗೆಯಿರಿ. ಮೊದಲ ಹಲಗೆ ತಳಕ್ಕೆ ಕೂರದಿದ್ದರೆ ಮೇಲಿನ ಏಳೂ ದಂಡ. ನೀರಿನ ಬದಿಗೆ ಸಿಲ್ಪಾಲಿನ್ ಹಾಳೆ ಹೊದಿಸಿ ತಳದಲ್ಲಿ ಮರಳಿನ ಚೀಲ ಹೇರಿದರೆ ಸೋರಿಕೆ ಬಹಳ ಇಳಿಯುತ್ತದೆ. ಗೋಡೆ ದಂಡೆಯನ್ನು ಸೇರುವ ಮೂಲೆಯಲ್ಲಿ ಏಡಿ ಬಿಲ ನೋಡಿ. ಬೆರಳು ಹೋಗುವ ಬಿಲ ತಿಂಗಳಲ್ಲಿ ಕೈ ಹೋಗುವಷ್ಟಾಗುತ್ತದೆ. ಡಿಸೆಂಬರಿನಲ್ಲಿ ಮಳೆ ಮತ್ತೆ ಬರುವುದುಂಟು, ಹಾಗಾಗಿ ಮೇಲಿನ ಒಂದು ಹಲಗೆಯನ್ನು ಮೊದಲ ವಾರ ಇಡಬೇಡಿ.

ತೆಗೆಯುವ ದಿನವನ್ನೂ ಒಪ್ಪಂದದಲ್ಲಿ ಬರೆಯಿರಿ: ಪತ್ತನಾಜೆಯ (ತುಳುನಾಡಿನಲ್ಲಿ ಮೇ ಕೊನೆಗೆ ಬರುವ ದಿನ) ಒಳಗೆ. ಜೂನಿನ ಮೊದಲ ದೊಡ್ಡ ನೀರಿಗೆ ಹಲಗೆ ಇದ್ದರೆ ಬಂದ ಮರ-ಮಟ್ಟು ಸಿಕ್ಕಿಕೊಂಡು, ತೋಡು ದಂಡೆ ಕೊರೆದು ಪಕ್ಕದ ತೋಟದೊಳಗಿಂದ ದಾರಿ ಮಾಡಿಕೊಳ್ಳುತ್ತದೆ. ಆ ತೋಟದವರು ಆಮೇಲೆ ಎಂದಿಗೂ ಕಟ್ಟಕ್ಕೆ ಒಪ್ಪುವುದಿಲ್ಲ. ಇಡುವುದಕ್ಕೆ ಜನ ಸೇರುತ್ತಾರೆ, ತೆಗೆಯುವುದಕ್ಕೆ ಸೇರುವುದಿಲ್ಲ. ಆದ್ದರಿಂದ ತೆಗೆಯುವ ಕೂಲಿಯನ್ನು ನವೆಂಬರಿನಲ್ಲೇ ಬೇರೆ ಇಡಿ. ತೆಗೆದ ಹಲಗೆಗೆ ಕಿಂಡಿಯ ನಂಬ್ರ ಪೇಂಟಿನಲ್ಲಿ ಬರೆದು, ನೆಲಕ್ಕೆ ತಾಗದಂತೆ ಅಟ್ಟದಲ್ಲಿ ಒಂದರ ಮೇಲೊಂದು ಸಂದು ಬಿಟ್ಟು ಜೋಡಿಸಿ. ಹೊಸದಾಗಿ ಬರುವವು ಫೈಬರ್ ಹಲಗೆಯಾಗಲಿ ಎಂದು ಪಂಚಾಯತ್‌ಗೆ ಕೊಡುವ ಅರ್ಜಿಯಲ್ಲೇ ಬರೆಯಿರಿ: ಅದನ್ನು ಗೆದ್ದಲು ತಿನ್ನುವುದಿಲ್ಲ, ಬಚ್ಚಲೊಲೆಗೂ ಆಗುವುದಿಲ್ಲ.